ಕೈಗಡಿಯಾರ ಹೇಳುವ ಚರಿತ್ರೆ



‘ಗಂಟೆ ಎಷ್ಟು?’ ಎಂದು ಯಾರಾದರೂ ಕೇಳಿದರೆ ನೀವು ಜೇಬಿನಿಂದ ಮೊಬೈಲ್ ತೆಗೆದು ನೋಡುತ್ತೀರಿ. ನಿಮ್ಮ ಅಜ್ಜ ಎಡಗೈ ತಿರುಗಿಸಿ ಮಣಿಕಟ್ಟು ನೋಡಿಕೊಳ್ಳುತ್ತಿದ್ದರು. ಅವರ ಅಜ್ಜ ಅಂಗಳಕ್ಕೆ ಬಂದು ನೆರಳು ನೋಡುತ್ತಿದ್ದರು. ಪ್ರಶ್ನೆ ಒಂದೇ, ಆದರೆ ಉತ್ತರ ಹುಡುಕುವ ದಾರಿ ಎರಡು ಬಾರಿ ಬದಲಾಗಿದೆ. ಈ ಬದಲಾವಣೆಯ ನಡುವೆ ಬಂದು, ಸುಮಾರು ನೂರು ವರ್ಷ ಮೆರೆದು, ಈಗ ಮೆಲ್ಲಗೆ ಪೆಟ್ಟಿಗೆಯ ತಳ ಸೇರುತ್ತಿರುವ ವಸ್ತುವೇ ಚಾವಿ ಕೊಡುವ ಕೈಗಡಿಯಾರ.

ಬಳಕೆಯಿಂದ ಹೊರಬಿದ್ದ ವಸ್ತುವಿಗೆ ಸಂಗ್ರಾಹಕರು ಹುಟ್ಟಿಕೊಳ್ಳುತ್ತಾರೆ. ಹಳೆಯ ಅಂಚೆಚೀಟಿ, ಹಳೆಯ ನಾಣ್ಯಗಳಂತೆ ಹಳೆಯ ಕೈಗಡಿಯಾರಗಳಿಗೂ ಇಂದು ಜಗತ್ತಿನ ತುಂಬ ಸಂಗ್ರಾಹಕರಿದ್ದಾರೆ. ಸಿನಿಮಾ ಮತ್ತು ಟಿ.ವಿ. ಧಾರಾವಾಹಿಯ ನಾಯಕನ ಕೈಯಲ್ಲಿ ಕಂಡ ಗಡಿಯಾರವೇ ತಮಗೂ ಬೇಕೆಂದು ಲಕ್ಷಗಟ್ಟಲೆ ಹಣ ಸುರಿಯುವವರೂ ಇದ್ದಾರೆ. ಇದು ಹಣವಂತರ ಹವ್ಯಾಸ, ನಮಗೇಕೆ ಎಂದು ನೀವು ಕೇಳಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ಮನೆಗಳಲ್ಲಿಯೂ ಚರಿತ್ರೆಯ ಇಂಥ ಸಾಕ್ಷಿಗಳು ಉಳಿದಿರಬಹುದು. ಅವನ್ನು ಓದಲು ಬಂದರೆ ಸಾಕು, ಕೊಳ್ಳಬೇಕಾಗಿಲ್ಲ. ಹೇಗೆ ಓದಬೇಕು ಎಂಬುದೇ ಈ ಲೇಖನದ ವಿಷಯ.

ಗಳಿಗೆ ಬಟ್ಟಲು

ಮೊದಲು ಗಡಿಯಾರವಿಲ್ಲದ ಕಾಲವನ್ನು ನೋಡೋಣ. ನಮ್ಮ ಹಿರಿಯರು ಒಂದು ಹಗಲು ಒಂದು ರಾತ್ರಿಯನ್ನು 60 ಗಳಿಗೆಗಳಾಗಿ ಭಾಗಿಸಿದ್ದರು. ಒಂದು ಗಳಿಗೆ ಎಂದರೆ ಇಂದಿನ 24 ನಿಮಿಷ. ಎರಡೂವರೆ ಗಳಿಗೆಗೆ ಒಂದು ಗಂಟೆ, ಏಳೂವರೆ ಗಳಿಗೆಗೆ ಒಂದು ಜಾವ. ಇದನ್ನು ಅಳೆಯಲು ಗಳಿಗೆ ಬಟ್ಟಲು ಇತ್ತು. ತಾಮ್ರದ ಬಟ್ಟಲಿನ ತಳದಲ್ಲಿ ಸಣ್ಣ ರಂಧ್ರ. ಅದನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಿಬಿಟ್ಟರೆ ನೀರು ಒಳಸೇರಿ ಬಟ್ಟಲು ಸರಿಯಾಗಿ ಒಂದು ಗಳಿಗೆಗೆ ಮುಳುಗಬೇಕು. ಮುಳುಗಿದೊಡನೆ ಎತ್ತಿ, ಬರಿದು ಮಾಡಿ ಮತ್ತೆ ತೇಲಿಬಿಡಬೇಕು. ಮದುವೆಯ ಮುಹೂರ್ತಕ್ಕೆ ಇದೇ ಆಧಾರ.

ಗಣಿತಜ್ಞ ಭಾಸ್ಕರಾಚಾರ್ಯರ ಮಗಳೆಂದು ಹೇಳಲಾಗುವ ಲೀಲಾವತಿಯ ಕಥೆಯನ್ನು ನೀವು ಕೇಳಿರಬಹುದು. ಆಕೆ ಬಟ್ಟಲಿನೊಳಗೆ ಬಗ್ಗಿ ನೋಡುವಾಗ ಮುತ್ತೊಂದು ಕಳಚಿ ಬಿದ್ದು ರಂಧ್ರ ಮುಚ್ಚಿತು, ಮುಹೂರ್ತ ಮೀರಿಹೋಯಿತು ಎಂಬುದು ಆ ಕಥೆ. ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಈ ಕಥೆ ಪ್ರಚಾರಕ್ಕೆ ಬಂದದ್ದು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ‘ಲೀಲಾವತಿ’ ಗ್ರಂಥವನ್ನು ಪಾರಸಿ ಭಾಷೆಗೆ ಅನುವಾದಿಸಿದಾಗ. ನಡುವೆ ನಾಲ್ಕೂವರೆ ಶತಮಾನಗಳ ಅಂತರ! ಭಾಸ್ಕರಾಚಾರ್ಯರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡ ಯಾವುದೆಂಬುದರಲ್ಲಿಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಅದು ಬಿಜಾಪುರವೇ ಎಂದರೆ, ಇನ್ನು ಕೆಲವರು ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದ ಕಡೆ ಬೆರಳು ತೋರಿಸುತ್ತಾರೆ. ಕಥೆ ಸೊಗಸಾಗಿದೆ ಎಂಬ ಮಾತ್ರಕ್ಕೆ ಅದು ಚರಿತ್ರೆಯಾಗುವುದಿಲ್ಲ. ಹಳೆಯ ಗಡಿಯಾರಗಳ ಪೇಟೆಯಲ್ಲಿ ಈ ಮಾತು ನಮಗೆ ಮತ್ತೆ ಬೇಕಾಗುತ್ತದೆ, ನೆನಪಿಡಿ.

ಹಾಗಾದರೆ ಚರಿತ್ರೆ ಯಾವುದು? ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ನೋಡಿ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದವು. ಆ ದಾನ ಸೂರ್ಯಗ್ರಹಣದ ದಿನ ನಡೆಯಿತೆಂದು ಶಾಸನ ಮಾಸ, ತಿಥಿ, ವಾರಗಳೊಡನೆ ಹೇಳುತ್ತದೆ. ಕೈಯಲ್ಲಿ ಗಡಿಯಾರವಿಲ್ಲದ ಜನ ಆಕಾಶವನ್ನೇ ಗಡಿಯಾರ ಮಾಡಿಕೊಂಡಿದ್ದರು. ಅವರು ಕೊಟ್ಟ ದಿನಾಂಕವನ್ನು ಇಂದಿಗೂ ಲೆಕ್ಕ ಹಾಕಿ ಪರೀಕ್ಷಿಸಬಹುದು.

ಯುರೋಪಿನಲ್ಲಿ ಯಂತ್ರದ ಗಡಿಯಾರ ಬೆಳೆಯುತ್ತಿದ್ದ ಹೊತ್ತಿಗೆ ನಮ್ಮಲ್ಲಿ ಆದಿಲಶಾಹಿಗಳ ಆಳ್ವಿಕೆ. ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲಶಹ ತೀರಿಕೊಂಡದ್ದು 1656ರಲ್ಲಿ. ಅದೇ ವರ್ಷ ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ. 1675ರಲ್ಲಿ ಅವನೇ ಸುರುಳಿ ಸ್ಪ್ರಿಂಗಿನ ಚಕ್ರವನ್ನೂ ತಂದ. ಗಡಿಯಾರ ಜೇಬಿನೊಳಗೆ ಬಂದರೂ ವೇಳೆ ತಪ್ಪದಂತಾದದ್ದು ಈ ಪುಟ್ಟ ಸುರುಳಿಯಿಂದ.

ರೈಲು ತಂದ ವೇಳೆ

ನಮ್ಮ ಜಿಲ್ಲೆಗೆ ನಿಮಿಷದ ಲೆಕ್ಕ ಬಂದದ್ದು ಯಾರಿಂದ? ಬಹುಮಟ್ಟಿಗೆ ರೈಲಿನಿಂದ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿನವರೆಗೆ ಹಳಿ ಹಾಕಿತು. ಅದೇ ದಶಕದಲ್ಲಿ, 1885ರಲ್ಲಿ, ಜಿಲ್ಲಾ ಕಚೇರಿಯೂ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಈ ಮಾರ್ಗದಲ್ಲಿಯೇ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಿವೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಆ ಹಳಿ ಮುಟ್ಟಲಿಲ್ಲ. ‘ಹೊತ್ತು ಮೂಡಿದ ಮೇಲೆ ಹೊರಡೋಣ’ ಎನ್ನುವುದು ಎತ್ತಿನ ಬಂಡಿಗೆ ನಡೆಯುತ್ತದೆ, ರೈಲಿಗೆ ನಡೆಯುವುದಿಲ್ಲ.

ಆದರೆ ಯಾವ ವೇಳೆ? ಆ ಕಾಲದಲ್ಲಿ ಮುಂಬಯಿಗೆ ಒಂದು ವೇಳೆ, ಮದ್ರಾಸಿಗೆ ಇನ್ನೊಂದು. ಎರಡಕ್ಕೂ ಅರ್ಧ ಗಂಟೆಯ ಅಂತರ. ರೈಲುಗಳು ಓಡುತ್ತಿದ್ದುದು ಮದ್ರಾಸ್ ವೇಳೆಯಂತೆ. ನಮ್ಮ ಜಿಲ್ಲೆ ಇದ್ದುದು ಮುಂಬಯಿ ಪ್ರಾಂತದಲ್ಲಿ! 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಪ್ರಮಾಣಿತ ವೇಳೆ ಜಾರಿಗೆ ಬಂತು. ಮುಂಬಯಿ ನಗರ ಮಾತ್ರ ಹಟ ಹಿಡಿದು ತನ್ನ ಹಳೆಯ ವೇಳೆಯನ್ನು 1955ರವರೆಗೂ ಪೂರ್ತಿಯಾಗಿ ಬಿಟ್ಟಿರಲಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ ಮಾಡಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ವೇಳೆಯನ್ನು ಎಣಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ನಿಮ್ಮ ನಾಲ್ಕೂ ತಾಲ್ಲೂಕುಗಳು ಇರುವುದು ಸುಮಾರು 76 ಡಿಗ್ರಿಯ ಹತ್ತಿರ. ಅಂತರ ಆರೂವರೆ ಡಿಗ್ರಿ, ಅಂದರೆ 26 ನಿಮಿಷ. ಹಾಗಾಗಿ ನಿಮ್ಮ ಊರಲ್ಲಿ ಸೂರ್ಯ ನಡುನೆತ್ತಿಯ ಸಾಲಿಗೆ ಬರುವಾಗ ಗಡಿಯಾರದಲ್ಲಿ 12 ಆಗಿರುವುದಿಲ್ಲ, ಸರಾಸರಿ 12 ಗಂಟೆ 26 ನಿಮಿಷ ಆಗಿರುತ್ತದೆ. ಋತುವಿಗೆ ತಕ್ಕಂತೆ ಇದು ಕಾಲು ಗಂಟೆಯಷ್ಟು ಹಿಂದೆ ಮುಂದೆ ಸರಿಯುತ್ತದೆ. ಅಜ್ಜನ ನೆರಳಿಗೂ ಮಗನ ವಾಚಿಗೂ ಹೊಂದಿಕೆಯಾಗದಿದ್ದರೆ ಅದು ಯಾರ ತಪ್ಪೂ ಅಲ್ಲ. ಒಬ್ಬರದು ಊರಿನ ಹೊತ್ತು, ಇನ್ನೊಬ್ಬರದು ದೇಶದ ವೇಳೆ.

ಸ್ವಿಸ್ ಗಡಿಯಾರದ ಬಿಂಕ

ಆಗ ನಮ್ಮ ದೇಶದಲ್ಲಿ ಗಡಿಯಾರ ತಯಾರಾಗುತ್ತಿರಲಿಲ್ಲ. ಎಲ್ಲವೂ ಹಡಗಿನಲ್ಲಿ ಬರಬೇಕು. ಸ್ವಿಟ್ಜರ್ಲೆಂಡಿನ ಫಾವ್ರ್-ಲೂಬಾ ಕಂಪನಿ 1865ರಷ್ಟು ಹಿಂದೆಯೇ ಭಾರತದ ಪೇಟೆಗೆ ಬಂದಿತ್ತು. ಮುಂಬಯಿಯ ವೆಸ್ಟ್ ಎಂಡ್ ವಾಚ್ ಕಂಪನಿಯ ಸ್ವಿಸ್ ಗಡಿಯಾರಗಳೂ ದೇಶದೊಳಗೆ ಹೆಸರಾಗಿದ್ದವು. ಮೊದಮೊದಲು ಇವೆಲ್ಲ ಸರಪಳಿ ಕಟ್ಟಿದ ಜೇಬುಗಡಿಯಾರಗಳು. ಕೈಗೆ ಕಟ್ಟುವುದು ಹೆಂಗಸರ ಆಭರಣವೆಂಬ ಭಾವನೆ ಯುರೋಪಿನಲ್ಲಿತ್ತು. 1914ರಿಂದ 1918ರವರೆಗಿನ ಮಹಾಯುದ್ಧ ಆ ಭಾವನೆಯನ್ನು ಅಳಿಸಿತು. ಕಂದಕದಲ್ಲಿ ಬಂದೂಕು ಹಿಡಿದವನಿಗೆ ಜೇಬಿಗೆ ಕೈ ಹಾಕಲು ಪುರಸೊತ್ತೆಲ್ಲಿ?

ಕೈಗಡಿಯಾರ ‘ಐಷಾರಾಮದ ವಸ್ತು’ ಆದದ್ದು ಹೇಗೆ ಎಂಬುದಕ್ಕೆ ಎರಡು ಉದಾಹರಣೆ ನೋಡಿ. ಮೊದಲನೆಯದು ನೀರು ಹೊಗದ ರೋಲೆಕ್ಸ್ ಆಯಿಸ್ಟರ್. ಅದು ಬಂದದ್ದು 1926ರಲ್ಲಿ. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಯುವತಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿದಳು, ಅವಳ ಕೈಯಲ್ಲಿದ್ದ ರೋಲೆಕ್ಸ್ ಕೆಡಲಿಲ್ಲ ಎಂದು ಬಹಳ ಕಡೆ ಓದುತ್ತೀರಿ. ನಿಜವಾಗಿ ನಡೆದದ್ದು ಬೇರೆ. ಅವಳು ಕಾಲುವೆ ದಾಟಿದ್ದು 1927ರ ಅಕ್ಟೋಬರ್ 7ರಂದು. ಕೆಲವರು ಸಂಶಯ ಪಟ್ಟಿದ್ದರಿಂದ ಅದೇ ತಿಂಗಳು ಮತ್ತೊಮ್ಮೆ ನೀರಿಗಿಳಿದಳು. ಗಡಿಯಾರ ಜೊತೆಗಿದ್ದದ್ದು ಈ ಎರಡನೆಯ ಸಲ, ಅದೂ ಕೈಯಲ್ಲಲ್ಲ, ಕೊರಳಲ್ಲಿ. ಚಳಿ ತಾಳದೆ ಅವಳು ಆ ಈಜನ್ನು ಪೂರ್ತಿ ಮಾಡಲಾಗಲಿಲ್ಲ. ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ಕಂಪನಿ ಲಂಡನ್ನಿನ ‘ಡೇಲಿ ಮೇಲ್’ ಪತ್ರಿಕೆಯ ಮುಖಪುಟವನ್ನೇ ಕೊಂಡು ಜಾಹೀರಾತು ಹಾಕಿತು. ಗಡಿಯಾರ ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅದರ ಕೀರ್ತಿಯನ್ನು ಕಟ್ಟಿದ್ದು ಜಾಹೀರಾತು.

ಎರಡನೆಯದು ನಮ್ಮ ನೆಲಕ್ಕೆ ಸಂಬಂಧಿಸಿದ್ದು. ಭಾರತದಲ್ಲಿ ಪೋಲೋ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ಕೈಗಡಿಯಾರದ ಗಾಜು ಚೆಂಡಿನ ಪೆಟ್ಟಿಗೆ ಒಡೆಯುತ್ತಿತ್ತು. ಅದಕ್ಕೆ ಪರಿಹಾರವಾಗಿ 1931ರಲ್ಲಿ ಹುಟ್ಟಿದ್ದು ‘ರಿವರ್ಸೊ’. ಇದರ ಮುಖವನ್ನು ಮಗುಚಿದರೆ ಗಾಜು ಒಳಗಾಗಿ ಲೋಹದ ಬೆನ್ನು ಹೊರಗೆ ಬರುತ್ತದೆ. ಇಂದು ಅದು ಜಗತ್ತಿನ ದುಬಾರಿ ಗಡಿಯಾರಗಳ ಸಾಲಿನಲ್ಲಿದೆ.

ಜಾಲಹಳ್ಳಿಯಲ್ಲಿ ಹುಟ್ಟಿದ ವಾಚು

ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ವಿನಿಮಯದ ಅಭಾವದಿಂದ ಸರ್ಕಾರ ಆಮದಿಗೆ ಕಡಿವಾಣ ಹಾಕಿತು. ಗಡಿಯಾರದ ಆಸೆಗೆ ಕಡಿವಾಣ ಬೀಳಲಿಲ್ಲ. ಪಶ್ಚಿಮ ಕರಾವಳಿಯಲ್ಲಿ ಬಂಗಾರದಂತೆ ವಾಚುಗಳೂ ಕಳ್ಳಸಾಗಣೆಯಾದವು. ಇದಕ್ಕೆ ಉತ್ತರವಾಗಿ ಬಂದದ್ದು ನಮ್ಮ ಬೆಂಗಳೂರಿನ ಕಾರ್ಖಾನೆ.

ಹಿಂದೂಸ್ತಾನ್ ಮಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದದ್ದು ಗಡಿಯಾರಕ್ಕಾಗಿ ಅಲ್ಲ, ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಕಾರದೊಂದಿಗೆ ಅಲ್ಲಿ ಕೈಗಡಿಯಾರದ ಕೆಲಸ ಶುರುವಾಯಿತು. ಮೊದಲ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಮುಂದೆ ಕಾಶ್ಮೀರದ ಶ್ರೀನಗರದಲ್ಲಿ, 1978ರಲ್ಲಿ ನಮ್ಮ ತುಮಕೂರಿನಲ್ಲಿ, ಆಮೇಲೆ ಇಂದಿನ ಉತ್ತರಾಖಂಡದ ರಾಣಿಬಾಗಿನಲ್ಲಿ ಕಾರ್ಖಾನೆಗಳಾದವು. ಜನತಾ, ಸೋನಾ, ಪೈಲಟ್, ಜವಾನ್, ಕಾಂಚನ್, ಕೊಹಿನೂರ್, ರಜತ್ — ಈ ಹೆಸರುಗಳನ್ನು ನಿಮ್ಮ ಮನೆಯ ಹಿರಿಯರ ಮುಂದೆ ಹೇಳಿ ನೋಡಿ, ಅವರ ಮುಖ ಅರಳುತ್ತದೆ. ಅಂಧರು ಬೆರಳಿನಿಂದ ಮುಟ್ಟಿ ವೇಳೆ ತಿಳಿಯುವಂಥ ಬ್ರೈಲ್ ಗಡಿಯಾರವನ್ನೂ ಎಚ್.ಎಂ.ಟಿ. ತಯಾರಿಸಿತು. ಬೆಂಗಳೂರಿನ ಲಾಲ್‌ಬಾಗಿನ ಹೂವಿನ ಗಡಿಯಾರವೂ 1983ರಲ್ಲಿ ಆ ಸಂಸ್ಥೆ ಕೊಟ್ಟದ್ದೇ.

ಆ ವಾಚಿನೊಳಗೆ ಏನಿದೆ? ಚಾವಿ ಕೊಟ್ಟಾಗ ಒಳಗಿನ ಮುಖ್ಯ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲಿನ ಚಕ್ರಗಳ ಮೂಲಕ ಹರಿದು, ಅತ್ತಿತ್ತ ತೂಗುವ ತೂಗುಚಕ್ರಕ್ಕೆ ಮುಟ್ಟುತ್ತದೆ. ‘ಜನತಾ’ದ ಯಂತ್ರ ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ, ಒಂದು ದಿನಕ್ಕೆ 4,32,000 ಸಲ ಮಿಡಿಯುತ್ತದೆ. ಇಷ್ಟು ಮಿಡಿದೂ ದಿನಕ್ಕೆ ಅರ್ಧ ನಿಮಿಷ ತಪ್ಪಿತೆಂದರೆ ಆ ತಪ್ಪು ಸಾವಿರಕ್ಕೆ ಅರ್ಧದಷ್ಟೂ ಅಲ್ಲ. ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತದೆ. ಇವು ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಸಣ್ಣ ಚೂರುಗಳು. ಅವನ್ನು ಕಿತ್ತು ಮಾರಿದರೆ ಹಣ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಂದಿನ ತಾಲ್ಲೂಕು ಪಟ್ಟಣಗಳಲ್ಲಿ ಈ ಸಾದಾ ವಾಚೇ ಐಷಾರಾಮ. ಸ್ಟೇಷನ್ ಮಾಸ್ತರ, ಸಾಲಿ ಮಾಸ್ತರ, ಬಸ್ ಕಂಡಕ್ಟರ್, ಕಚೇರಿಯ ಗುಮಾಸ್ತ — ಕೈಗೆ ವಾಚು ಕಟ್ಟಿದವರೆಂದರೆ ಪಗಾರ ಎಣಿಸುವವರು. ಸೈಕಲ್, ರೇಡಿಯೊ, ವಾಚು ಎಂಬ ಮೂರು ಮದುವೆಯಲ್ಲಿ ಅಳಿಯನಿಗೆ ಸಲ್ಲಬೇಕಾದ ವಸ್ತುಗಳಾದವು. ಬಂಗಾರದ ಬಣ್ಣದ ‘ಕಾಂಚನ್’ ವಾಚಿಗಾಗಿ ಕಾದು ಕುಳಿತವರೂ, ಅದಕ್ಕಾಗಿ ಸಾಲ ಮಾಡಿದ ಹೆಣ್ಣಿನ ತಂದೆಯರೂ ಇದ್ದರು. ಹಳೆಯ ವಾಚು ಹೇಳುವ ಚರಿತ್ರೆಯಲ್ಲಿ ಹೆಮ್ಮೆಯೊಡನೆ ಈ ಭಾರವೂ ಸೇರಿದೆ. ವರದಕ್ಷಿಣೆಯ ಪಟ್ಟಿಯಲ್ಲಿ ಬಂದ ವಾಚನ್ನು ಬರಿಯ ‘ಸವಿನೆನಪು’ ಎನ್ನುವುದು ಚರಿತ್ರೆಗೆ ಮಾಡುವ ಅನ್ಯಾಯ.

ಎಚ್.ಎಂ.ಟಿ.ಯ ಹೆಸರು ಎಷ್ಟು ದೂರ ಹೋಯಿತೆಂದರೆ, ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರೈತ ದಾದಾಜಿ ಖೋಬ್ರಾಗಡೆ ತಾವು ಆರಿಸಿ ಬೆಳೆಸಿದ ಸಣ್ಣಕ್ಕಿಯ ತಳಿಗೆ ಆ ವಾಚಿನ ಹೆಸರನ್ನೇ ಇಟ್ಟರು. ಅಂಗಡಿಯಲ್ಲಿ ‘ಎಚ್.ಎಂ.ಟಿ. ಅಕ್ಕಿ’ ಎಂದು ಕೇಳುವಾಗ ನೀವು ಒಂದು ಗಡಿಯಾರದ ಹೆಸರನ್ನು ಹೇಳುತ್ತಿರುತ್ತೀರಿ!

ಹರಳು ಬಂತು, ಚಾವಿ ಹೋಯಿತು

1969ರ ಡಿಸೆಂಬರ್ 25ರಂದು ಜಪಾನಿನ ಸೈಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಬ್ಯಾಟರಿಯ ವಿದ್ಯುತ್ತಿಗೆ ಕ್ವಾರ್ಟ್ಜ್ ಹರಳು ಸೆಕೆಂಡಿಗೆ ಸಾವಿರಾರು ಸಲ ಕಂಪಿಸುತ್ತದೆ. ಮುಂದೆ ಬಂದ ಸಾಮಾನ್ಯ ವಾಚುಗಳಲ್ಲಿ ಈ ಸಂಖ್ಯೆ 32,768. ಸೆಕೆಂಡಿಗೆ 5 ಸಲ ಮಿಡಿಯುವ ಸ್ಪ್ರಿಂಗಿನ ಯಂತ್ರ ಇದರೆದುರು ಏನು ಮಾಡೀತು? ಸ್ವಿಟ್ಜರ್ಲೆಂಡಿನಲ್ಲಿಯೇ ಸಾವಿರಾರು ಕೆಲಸಗಾರರು ಮನೆಗೆ ಹೋದರು.

ಭಾರತದಲ್ಲಿ ಎಚ್.ಎಂ.ಟಿ. 1980ರ ದಶಕದ ಆರಂಭದಲ್ಲಿಯೇ ಕ್ವಾರ್ಟ್ಜ್ ವಾಚು ಮಾಡಿತಾದರೂ ಅದರ ಹೆಚ್ಚಿನ ಬಲ ಚಾವಿ ವಾಚುಗಳಲ್ಲಿಯೇ ಉಳಿಯಿತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಟೈಟನ್ ಕಂಪನಿಯನ್ನು ಹುಟ್ಟುಹಾಕಿದವು. ಕಾರ್ಖಾನೆ ಬೆಂಗಳೂರಿನ ಮಗ್ಗುಲಿನ ಹೊಸೂರಿನಲ್ಲಿ. ತೆಳುವಾದ ಕ್ವಾರ್ಟ್ಜ್ ವಾಚು, ಹೊಳೆಯುವ ಮಳಿಗೆ, ಟಿ.ವಿ.ಯಲ್ಲಿ ಮೊಜಾರ್ಟನ ಸಂಗೀತದ ಜಾಹೀರಾತು. ವಾಚು ಜೀವಮಾನಕ್ಕೊಂದು ಎನ್ನುವ ಕಾಲ ಹೋಗಿ ಅಂಗಿಗೊಂದು ಎನ್ನುವ ಕಾಲ ಬಂತು. 1991ರ ನಂತರ ಆಮದಿನ ಬಾಗಿಲೂ ತೆರೆಯಿತು. ಬಳಿಕ ಮೊಬೈಲ್ ಬಂತು. ಹತ್ತು ಕೋಟಿಗೂ ಹೆಚ್ಚು ವಾಚುಗಳನ್ನು ದೇಶಕ್ಕೆ ಕೊಟ್ಟ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ತುಮಕೂರು ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಮುಚ್ಚುವ ಸುದ್ದಿ ಹಬ್ಬಿದ್ದೇ ತಡ, ವರ್ಷಗಳಿಂದ ಕೇಳುವವರಿಲ್ಲದೆ ಇದ್ದ ವಾಚುಗಳಿಗಾಗಿ ಮಳಿಗೆಗಳ ಮುಂದೆ ಜನ ಮುಗಿಬಿದ್ದರು. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್.ಎಂ.ಟಿ.ಯ ವಸ್ತುಸಂಗ್ರಹಾಲಯ ತೆರೆಯಿತು.

ಪರದೆಯ ಮೇಲಿನ ಮಣಿಕಟ್ಟು

ಟಿ.ವಿ.ಗೂ ನಮ್ಮ ಜಿಲ್ಲೆಗೂ ಇರುವ ನಂಟು ನಿಮಗೆ ಗೊತ್ತೇ? ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟಿನಿಂದ ಒಂದು ವರ್ಷ, ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳನ್ನಿಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳನ್ನು. ರಾಜಧಾನಿಗಿಂತ ಮೊದಲೇ ನಮ್ಮ ಹಳ್ಳಿಗರು ಟಿ.ವಿ. ನೋಡಿದ್ದರು! ಮುಂದೆ ಮನೆಮನೆಗೆ ಟಿ.ವಿ. ಬಂದಾಗ ವಾರ್ತೆಯ ವೇಳೆಗೆ ಸರಿಯಾಗಿ ವಾಚಿನ ಮುಳ್ಳು ತಿರುಗಿಸಿಕೊಳ್ಳುವುದು ರೂಢಿಯಾಯಿತು.

ಆದರೆ ಪರದೆ ವೇಳೆಯನ್ನು ಹೇಳುವುದರ ಜೊತೆಗೆ ಆಸೆಯನ್ನೂ ಬಿತ್ತುತ್ತದೆ. 1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಜೇಮ್ಸ್ ಬಾಂಡ್ ರೋಲೆಕ್ಸ್ ಸಬ್‌ಮೆರಿನರ್ ಕಟ್ಟಿದ್ದ. 1995ರ ‘ಗೋಲ್ಡನ್ ಐ’ ಚಿತ್ರದಿಂದ ಅದೇ ಬಾಂಡ್ ಒಮೆಗಾಕ್ಕೆ ಬದಲಾದ. 1980ರ ದಶಕದ ಅಮೆರಿಕದ ಟಿ.ವಿ. ಧಾರಾವಾಹಿ ‘ಮ್ಯಾಗ್ನಮ್’ನ ಪತ್ತೇದಾರ ಕಟ್ಟುತ್ತಿದ್ದ ಕೆಂಪು-ನೀಲಿ ಅಂಚಿನ ರೋಲೆಕ್ಸನ್ನು ಇಂದಿಗೂ ಹುಡುಕುವವರಿದ್ದಾರೆ. 1960ರ ದಶಕದ ಜಾಹೀರಾತು ಕಂಪನಿಯ ಕಥೆ ಹೇಳುವ ‘ಮ್ಯಾಡ್ ಮೆನ್’ ಧಾರಾವಾಹಿಯ ಪಾತ್ರಗಳು ಕಟ್ಟಿದ ಹಳೆಯ ಒಮೆಗಾಗಳು 2015ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದವು. ನಟ ಪಾಲ್ ನ್ಯೂಮನ್ ನಿಜ ಬದುಕಿನಲ್ಲಿ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನ 2017ರಲ್ಲಿ ಒಂದು ಕೋಟಿ 77 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು.

ಅದರೊಳಗಿನ ಉಕ್ಕು, ಚಕ್ರಗಳಿಗೆ ಇಷ್ಟು ಬೆಲೆಯೇ? ಖಂಡಿತ ಇಲ್ಲ. ಬೆಲೆ ಇರುವುದು ‘ಇದು ಇಂಥವರ ಕೈಯಲ್ಲಿತ್ತು’ ಎಂಬ ಪುರಾವೆಗೆ. ಇದಕ್ಕೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ಗಾಂಧೀಜಿಯ ಜೇಬುಗಡಿಯಾರ. ಜೆನಿತ್ ಕಂಪನಿಯ ಆ ಗಡಿಯಾರ, ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳ ಸಮೇತ 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂತು. ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಕೊನೆಗೆ 18 ಲಕ್ಷ ಡಾಲರಿಗೆ ಅವನ್ನು ಕೊಂಡವರು ಕರ್ನಾಟಕದ ಉದ್ಯಮಿ ವಿಜಯ ಮಲ್ಯ. ಒಂದು ನಿಮಿಷವನ್ನೂ ವ್ಯರ್ಥ ಮಾಡದೆ, ಏನನ್ನೂ ಕೂಡಿಡದೆ ಬದುಕಿದವರ ಗಡಿಯಾರ ಸಂಗ್ರಾಹಕರ ಪೈಪೋಟಿಯ ವಸ್ತುವಾಯಿತು. ಇದರ ಬಗ್ಗೆ ನಿಮ್ಮ ತರಗತಿಯಲ್ಲಿ ಚರ್ಚಿಸಿ.

ಅಸಲು ಯಾವುದು, ನಕಲಿ ಯಾವುದು?

ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಸವೆದ ಡಯಲನ್ನು ಅಳಿಸಿ, ಹೊಸ ಬಣ್ಣ ಬಳಿದು, ಹೆಸರನ್ನು ಮತ್ತೆ ಅಚ್ಚೊತ್ತಿ, ಬೇರೆ ಬೇರೆ ವಾಚುಗಳ ಬಿಡಿಭಾಗ ಜೋಡಿಸಿ ‘ಹಳೆಯ ಅಪರೂಪದ ವಾಚು’ ಎಂದು ಮಾರುವ ದಂಧೆ ನಮ್ಮ ದೇಶದಲ್ಲಿ ಜೋರಾಗಿದೆ. ಸ್ವಿಸ್ ವಾಚುಗಳಿಗೂ ಇದೇ ಗತಿ, ಎಚ್.ಎಂ.ಟಿ.ಗೂ ಇದೇ ಗತಿ. ಕಾರ್ಖಾನೆ ಎಂದೂ ಮಾಡದ ಗಾಢ ಕೆಂಪು, ಹಸಿರು ಡಯಲುಗಳು ‘ಅಸಲು’ ಎಂದು ಮಾರಾಟವಾಗುತ್ತವೆ.

ಪರೀಕ್ಷೆ ಹೇಗೆ? ಶಾಸನ ಓದುವವರು ಲಿಪಿ ನೋಡುವ ಹಾಗೆಯೇ. ಡಯಲಿನ ಅಕ್ಷರಗಳ ಅಂಚು ತೆಳುವಾಗಿ ಚೂಪಾಗಿದೆಯೇ, ಮೆತ್ತಿದಂತಿದೆಯೇ? ನಿಮಿಷದ ಗೆರೆಗಳ ನಡುವಿನ ಅಂತರ ಸಮವೇ? ಬೆನ್ನಿನ ಮುಚ್ಚಳ ಸವೆದು, ಡಯಲ್ ಮಾತ್ರ ನಿನ್ನೆ ಮೊನ್ನೆಯದರಂತೆ ಹೊಳೆಯುತ್ತಿದೆಯೇ? ಹಾಗಿದ್ದರೆ ಸಂಶಯಪಡಿ. ಡಯಲ್ ಒಂದು ಕಾಲ, ಒಳಗಿನ ಯಂತ್ರ ಇನ್ನೊಂದು ಕಾಲ ಹೇಳುತ್ತಿದ್ದರೆ ಅದು ಕೂಡಿಸಿದ ವಾಚು. ಮಾರುವವನ ಕಥೆ ಎಷ್ಟು ರಂಜಕವಾಗಿದೆಯೋ ಅಷ್ಟು ಎಚ್ಚರಿಕೆ ಬೇಕು. ಲೀಲಾವತಿಯ ಮುತ್ತನ್ನೂ ಗ್ಲೈಟ್ಸಳ ಈಜನ್ನೂ ನೆನೆಯಿರಿ. ಕಾಗದ, ರಸೀದಿ, ಹಳೆಯ ಫೋಟೊ ಇವು ಸಾಕ್ಷಿ. ಬಾಯಿಮಾತು ಸಾಕ್ಷಿಯಲ್ಲ.

ಎರಡು ಎಚ್ಚರಿಕೆಗಳು. ಒಂದು, 20ನೆಯ ಶತಮಾನದ ಮೊದಲರ್ಧದ, ಕತ್ತಲಲ್ಲಿ ಹೊಳೆಯುವ ಡಯಲುಗಳಿಗೆ ರೇಡಿಯಂ ಬಳಿಯುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಆ ಬಣ್ಣ ಬಳಿಯುತ್ತ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದ ಹುಡುಗಿಯರು 1920ರ ದಶಕದಲ್ಲಿ ಘೋರ ಕಾಯಿಲೆಯಿಂದ ಸತ್ತರು. ಅಂಥ ಗಡಿಯಾರವನ್ನು ಬಿಚ್ಚಬೇಡಿ, ಡಯಲನ್ನು ಕೆರೆಯಬೇಡಿ. ಎರಡು, 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಚಾರಿತ್ರಿಕ ಮಹತ್ವದ ವಸ್ತುಗಳು ಪ್ರಾಚೀನ ವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಪೆಟ್ಟಿಗೆಯಲ್ಲಿ ಉಳಿದಿರುವುದು

ಸಂಗ್ರಹ ಎಂದರೆ ಕೊಳ್ಳುವುದೇ ಆಗಬೇಕಾಗಿಲ್ಲ. ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್ ಅವರು ಸಂಗ್ರಹಿಸಿದ ವಸ್ತುಗಳು 1951ರಲ್ಲಿ ಸಾರ್ವಜನಿಕ ವಸ್ತುಸಂಗ್ರಹಾಲಯವಾದವು. ಅಲ್ಲಿ ಗಂಟೆ ಬಾರಿಸುವ ಪುಟ್ಟ ಗೊಂಬೆಯ ಗಡಿಯಾರದ ಮುಂದೆ ಜನ ಸೇರಿ ಕಾಯುತ್ತಾರೆ. ಅದು ಶ್ರೀಮಂತನ ಸಂಗ್ರಹ. ನಿಮ್ಮದು ಮಾಹಿತಿಯ ಸಂಗ್ರಹವಾಗಲಿ.

ಇದಕ್ಕೆ ಹೆಚ್ಚು ವ್ಯವಧಾನವಿಲ್ಲ. ನಿಂತುಹೋದ ವಾಚನ್ನು ಹಳೆಯ ಸಾಮಾನಿನವನಿಗೆ ಹತ್ತಿಪ್ಪತ್ತು ರೂಪಾಯಿಗೆ ಕೊಟ್ಟುಬಿಡುವ ಮನೆಗಳು ಇನ್ನೂ ಇವೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಿಂದ ಕೂದಲೆಳೆಯಂಥ ಸ್ಪ್ರಿಂಗ್ ಎತ್ತಿ ಕೂರಿಸುತ್ತಿದ್ದ ರಿಪೇರಿಯವರು ಈಗ ಬ್ಯಾಟರಿ, ಬೆಲ್ಟು ಹಾಕಿಕೊಡುತ್ತ ಕುಳಿತಿದ್ದಾರೆ. ಅವರ ಮಕ್ಕಳು ಆ ಕೆಲಸ ಕಲಿತಿಲ್ಲ. ಬೆಂಗಳೂರು, ತುಮಕೂರಿನ ಕಾರ್ಖಾನೆಗಳಲ್ಲಿ ವಾಚು ಜೋಡಿಸಿದ ನೂರಾರು ಹೆಣ್ಣುಮಕ್ಕಳು ಇಂದು ಮುದುಕಿಯರು. ವಾಚು ಸಿಕ್ಕೀತು, ಆದರೆ ಅದನ್ನು ಮಾಡಿದವರ, ಕಟ್ಟಿದವರ, ದುರಸ್ತಿ ಮಾಡಿದವರ ಮಾತು ಅವರೊಂದಿಗೇ ಹೋಗುತ್ತದೆ. ದುಬಾರಿ ವಾಚುಗಳ ಚರಿತ್ರೆ ಬರೆಯಲು ಹರಾಜು ಕಂಪನಿಗಳಿವೆ. ಇಂಡಿಯ ಸಾಲಿ ಮಾಸ್ತರರ ‘ಜನತಾ’ ವಾಚಿನ ಚರಿತ್ರೆಯನ್ನು ನೀವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಇರುವ ಒಂದು ಹಳೆಯ ವಾಚನ್ನು ಹಿರಿಯರ ಅಪ್ಪಣೆ ಪಡೆದು ನೋಡಿ. ಹೆಸರು, ಡಯಲಿನ ಬರಹ, ಬೆನ್ನ ಮೇಲಿನ ಸಂಖ್ಯೆ ಇವನ್ನು ಇದ್ದ ಹಾಗೆಯೇ ಬರೆದುಕೊಳ್ಳಿ. ಮುಚ್ಚಳ ತೆಗೆಯಬೇಡಿ.

2. ಅದನ್ನು ಯಾರು, ಯಾವಾಗ, ಯಾವ ಊರಲ್ಲಿ, ಎಷ್ಟು ಕೊಟ್ಟು ಕೊಂಡರು? ಆಗ ಅವರ ಪಗಾರ ಎಷ್ಟಿತ್ತು? ಮದುವೆಯಲ್ಲಿ ಬಂದದ್ದಾದರೆ ಕೊಟ್ಟವರು ಯಾರು, ಹಣ ಹೇಗೆ ಹೊಂದಿಸಿದರು? ಕೇಳಿದ್ದನ್ನು ಒಂದು ಕಡೆ, ರಸೀದಿ-ಫೋಟೊಗಳಿಂದ ಖಚಿತವಾದದ್ದನ್ನು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಬೆರೆಸಬೇಡಿ.

3. ನಿಮ್ಮ ಪಟ್ಟಣದ ಹಿರಿಯ ವಾಚು ರಿಪೇರಿಯವರೊಬ್ಬರ ಬಳಿ ಅರ್ಧ ದಿನ ಕುಳಿತು ಅವರು ಬಳಸುವ ಉಪಕರಣಗಳ ಹೆಸರುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.

4. ಶಾಲೆಯ ಬಯಲಿನಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ. ನೆರಳು ಅತಿ ಗಿಡ್ಡವಾದಾಗ ಗಡಿಯಾರ ನೋಡಿ. ಮೇಲೆ ಹೇಳಿದ 12 ಗಂಟೆ 26 ನಿಮಿಷಕ್ಕೂ ನಿಮಗೆ ಸಿಕ್ಕ ವೇಳೆಗೂ ಎಷ್ಟು ವ್ಯತ್ಯಾಸ? ತಿಂಗಳಿಗೊಮ್ಮೆಯಂತೆ ಒಂದು ವರ್ಷ ಮಾಡಿ, ಪಟ್ಟಿ ತಯಾರಿಸಿ.

ನಿಮ್ಮ ಬರಹದ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯದಲ್ಲಿಡಿ, ಇನ್ನೊಂದನ್ನು ಆ ವಾಚಿನ ಜೊತೆಗೆ ಅದೇ ಪೆಟ್ಟಿಗೆಯಲ್ಲಿಡಿ. ಮುಂದೆ ಅದನ್ನು ತೆರೆಯುವವರಿಗೆ ವಾಚಿನ ಜೊತೆ ಅದರ ಚರಿತ್ರೆಯೂ ಸಿಗಲಿ.